ಇಪ್ಪತ್ತು ವರ್ಷದ ‘ಹಳೆಯ ಸೇತುವೆ’

ಮೋಸ್ತಾರ್ ಎಂಬ ಹೆಸರು ಗೊತ್ತಿಲ್ಲದಿದ್ದರೂ ಆ ಊರಿನ ಫೋಟೊವನ್ನು ನೀವು ಎಲ್ಲೋ ನೋಡಿರುತ್ತೀರಿ. ಪಚ್ಚೆ ಬಣ್ಣದ ನದಿ, ಅದರ ಮೇಲೆ ಬಿಲ್ಲಿನ ಹಾಗೆ ಬಾಗಿದ ಒಂದೇ ಕಮಾನಿನ ಕಲ್ಲಿನ ಸೇತುವೆ, ಎರಡು ತುದಿಗೆ ಎರಡು ಗೋಪುರ, ದಂಡೆಗುಂಟ ಕಲ್ಲುಚಪ್ಪಡಿಯ ಮಾಡಿನ ಮನೆಗಳು. ಬೊಸ್ನಿಯಾ-ಹೆರ್ಜೆಗೊವಿನಾ ಎಂಬ ಪುಟ್ಟ ದೇಶದ ದಕ್ಷಿಣಕ್ಕಿರುವ ಈ ಊರಿನಲ್ಲಿ ಹರಿಯುವ ನದಿಯ ಹೆಸರು ನೆರೆತ್ವಾ. ಅಲ್ಲಿನ ಭಾಷೆಯಲ್ಲಿ ‘ಮೋಸ್ತ್’ ಅಂದರೆ ಸೇತುವೆ. ಸೇತುವೆ ಕಾಯುವವರನ್ನು ‘ಮೋಸ್ತಾರಿ’ ಎನ್ನುತ್ತಿದ್ದರು. ಅದೇ ಊರಿನ ಹೆಸರಾಯಿತು. ಸೇತುವೆಯನ್ನು ಮಾತ್ರ ಯಾರೂ ಊರಿನ ಹೆಸರು ಹಿಡಿದು ಕರೆಯುವುದಿಲ್ಲ. ಅದು ‘ಸ್ತಾರಿ ಮೋಸ್ತ್’, ಅಂದರೆ ಹಳೆಯ ಸೇತುವೆ.

ಆ ಪ್ರಸಿದ್ಧ ಫೋಟೊ ತೆಗೆಯುವುದು ಬಹಳ ಸುಲಭ. ಸೇತುವೆಯಿಂದ ಸ್ವಲ್ಪ ಮೇಲ್ಹರಿವಿಗೆ, 17ನೇ ಶತಮಾನದ ಕೋಸ್ಕಿ ಮೆಹ್ಮದ್ ಪಾಷಾ ಮಸೀದಿಯಿದೆ. ಟಿಕೆಟ್ ಕೊಂಡು ಅದರ ಅಂಗಳಕ್ಕೆ ಹೋದರೆ ನದಿಯ ಅಂಚಿನಲ್ಲೊಂದು ಕಟ್ಟೆ. ಅಲ್ಲಿ ನಿಂತು ಕ್ಯಾಮೆರಾ ಎತ್ತಿದರೆ ಸಾಕು, ಕ್ಯಾಲೆಂಡರಿನ ಚಿತ್ರವೇ ಸಿಗುತ್ತದೆ. ನಾನು ಹೋದದ್ದು 2024ರ ಜೂನಿನಲ್ಲಿ. ಸರಾಯೆವೊದಲ್ಲಿ ಒಂದು ವಾರದ ಕಾರ್ಯಾಗಾರ ಮುಗಿಸಿ, ನೆರೆತ್ವಾ ಕಣಿವೆಗುಂಟ ಎರಡು ತಾಸು ಇಳಿಯುವ ರೈಲು ಹತ್ತಿ, ಮೂರು ದಿನಕ್ಕೆಂದು ಮೋಸ್ತಾರಿಗೆ ಬಂದಿದ್ದೆ. ಆ ಕಟ್ಟೆಯ ಮೇಲೆ ನನ್ನ ಮುಂದೆ ಹದಿನೈದು ಜನರಿದ್ದರು. ಎಲ್ಲರೂ ಅದೇ ಫೋಟೊ ತೆಗೆದರು. ನಾನೂ ತೆಗೆದೆ. ಚೆನ್ನಾಗಿಯೇ ಬಂತು.

ಆ ಫೋಟೊದಲ್ಲಿ ಕಾಣದಿರುವ ಸಂಗತಿ ಒಂದೇ, ಇಸವಿ. ಸೇತುವೆಯನ್ನು ಒಟ್ಟೊಮನ್ ಸುಲ್ತಾನ ಸುಲೈಮಾನನ ಆಜ್ಞೆಯಂತೆ, ಮಹಾ ವಾಸ್ತುಶಿಲ್ಪಿ ಸಿನಾನನ ಶಿಷ್ಯ ಹೈರುದ್ದೀನ್ ಕಟ್ಟಿದ. 1557ರಲ್ಲಿ ಶುರುವಾಗಿ 1566ರಲ್ಲಿ ಮುಗಿಯಿತು. ಸುಮಾರು 29 ಮೀಟರ್ ಅಗಲದ ನದಿಯನ್ನು ನಡುವೆ ಒಂದು ಕಂಬವೂ ಇಲ್ಲದೆ ಅದು ದಾಟುತ್ತದೆ. ತೆನೆಲಿಯಾ ಎಂಬ ಸ್ಥಳೀಯ ಸುಣ್ಣಕಲ್ಲು, ಕಲ್ಲಿಗೆ ಕಲ್ಲನ್ನು ಹಿಡಿದಿಡಲು ಕಬ್ಬಿಣದ ಕೊಂಡಿ, ಕೊಂಡಿ ಅಲುಗದಂತೆ ಸುತ್ತ ಹೊಯ್ದ ಕರಗಿದ ಸೀಸ. 427 ವರ್ಷ ನಿಂತಿದ್ದ ಆ ಸೇತುವೆ 1993ರ ನವೆಂಬರ್ 9ರಂದು ನದಿಗೆ ಬಿತ್ತು. ಈಗ ಇರುವುದು 2004ರ ಜುಲೈ 23ರಂದು ಉದ್ಘಾಟನೆಯಾದದ್ದು. ನಾನು ಫೋಟೊ ತೆಗೆದ ‘ಹಳೆಯ ಸೇತುವೆ’ ನನಗಿಂತ ಚಿಕ್ಕದು.

ಇಸವಿಗಳ ಗೀಳು ನನಗೆ ಅಂಟಿದ್ದು ನನ್ನ ಪಿಎಚ್‌ಡಿಯಿಂದ. ನಾನು ಓದುತ್ತಿರುವುದು ಹಂಪಿಯ ಹಳೆಯ ಛಾಯಾಚಿತ್ರಗಳನ್ನು. ಹಾಗಾಗಿ 1566 ಎಂದು ಓದಿದ ತಕ್ಷಣ ಮನಸ್ಸು ಒಂದು ವರ್ಷ ಹಿಂದಕ್ಕೆ ಹೋಯಿತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ ನಡೆದು, ತುಂಗಭದ್ರೆಯ ದಡದ ವಿಜಯನಗರ ಹಾಳಾಯಿತು. ಅಲ್ಲಿ ಒಂದು ನದಿಯ ದಡದಲ್ಲಿ ಕಲ್ಲು ಉರುಳುತ್ತಿದ್ದಾಗ ಇಲ್ಲಿ ಇನ್ನೊಂದು ನದಿಯ ಮೇಲೆ ಕಮಾನಿನ ಕೊನೆಯ ಕಲ್ಲುಗಳು ಕೂರುತ್ತಿದ್ದವು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೆ ಹಂಪಿಯ ಫೋಟೊಗಳು ನನಗೆ ಕಲಿಸಿದ ಪಾಠವೊಂದು ಮೋಸ್ತಾರಿನಲ್ಲಿ ಬಹಳ ಉಪಯೋಗಕ್ಕೆ ಬಂತು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಅದಿಲ್ಲ. ನಮ್ಮ ಐವತ್ತು ರೂಪಾಯಿ ನೋಟಿನ ಮೇಲೆ ಇರುವುದು ಶಿಖರ ಇಲ್ಲದ ರಥ. ನೋಟು ನೋಡಿದ ನಮಗೆ ಅದೇ ಪೂರ್ಣವಾದ ರಥ. ಗ್ರೀನ್‌ಲಾನ ಚಿತ್ರವೇ ಏನೋ ತಪ್ಪಾಗಿದೆ ಅನ್ನಿಸುತ್ತದೆ. ಫೋಟೊ ‘ಹೀಗಿದೆ’ ಅನ್ನುವುದಿಲ್ಲ, ‘ಆ ದಿನ ಹೀಗಿತ್ತು’ ಅನ್ನುತ್ತದೆ. ದಿನಾಂಕ ಬರೆಯದ ಫೋಟೊ ಎಲ್ಲ ಕಾಲಕ್ಕೂ ಹೀಗೇ ಇತ್ತು ಎಂದು ನಂಬಿಸಿಬಿಡುತ್ತದೆ. ಹಾಳುಬಿದ್ದ ಊರಿನಲ್ಲಿ ಅದರಿಂದ ದೊಡ್ಡ ತೊಂದರೆಯೇನೂ ಆಗದು. ಈಗಷ್ಟೇ ಯುದ್ಧದಿಂದ ಎದ್ದು ಕೂತ ಊರಿನಲ್ಲಿ ಆಗುತ್ತದೆ.

ಮೋಸ್ತಾರಿನ ಯುದ್ಧ ಒಂದಲ್ಲ, ಎರಡು. 1992ರ ವಸಂತದಲ್ಲಿ ಯುಗೊಸ್ಲಾವ್ ಸೇನೆ ಮತ್ತು ಸರ್ಬ್ ಪಡೆಗಳು ಊರಿನ ಮೇಲೆ ಶೆಲ್ ಸುರಿದವು. ಆಗ ಇಲ್ಲಿನ ಕ್ರೊಯೇಟರೂ ಬೊಸ್ನಿಯಾಕ್ ಮುಸ್ಲಿಮರೂ ಒಟ್ಟಾಗಿ ನಿಂತರು. ಒಂದು ವರ್ಷ ಕಳೆಯುವುದರೊಳಗೆ, 1993ರ ಮೇ ತಿಂಗಳಲ್ಲಿ, ಆ ಇಬ್ಬರ ನಡುವೆಯೇ ಯುದ್ಧ ಶುರುವಾಯಿತು. ಪೂರ್ವ ಮೋಸ್ತಾರ್ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿತ್ತು. ಆಗಿನ ಚಿತ್ರಗಳಲ್ಲಿ ಸೇತುವೆಯನ್ನು ಗುರುತು ಹಿಡಿಯುವುದೇ ಕಷ್ಟ. ಶೆಲ್‌ಗಳಿಂದ ಕಾಪಾಡಲು ಜನ ಅದಕ್ಕೆ ಹಳೆ ಟೈರುಗಳನ್ನು ತೂಗುಹಾಕಿ, ಮೇಲೆ ತಗಡಿನ ಚಪ್ಪರ ಹಾಕಿದ್ದರು. ಮನೆಯಲ್ಲಿ ಜ್ವರ ಬಂದವರಿಗೆ ಕಂಬಳಿ ಹೊದಿಸಿದ ಹಾಗೆ. ಕೊನೆಗೆ ಕ್ರೊಯೇಟ್ ಪಡೆಯ ಟ್ಯಾಂಕ್ ಅದನ್ನು ಉರುಳಿಸಿತು. ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿ 2013ರಲ್ಲಿ ಇದನ್ನು ಅಪರಾಧವೆಂದಿತು. 2017ರ ಮೇಲ್ಮನವಿಯಲ್ಲಿ, ಸೇತುವೆ ಸೇನೆಯೂ ಬಳಸುತ್ತಿದ್ದ ಗುರಿಯಾಗಿತ್ತು ಎಂದು ಆ ಭಾಗವನ್ನು ರದ್ದು ಮಾಡಿತು. ಸೇತುವೆ ಬೀಳುವ ವಿಡಿಯೊ ಇದೆ. ಎರಡೂ ತೀರ್ಪುಗಳಿಗೆ ಮುಂಚೆಯೂ ಆಮೇಲೂ ಅದರಲ್ಲಿ ಕಾಣುವುದು ಒಂದೇ: ಕಲ್ಲು, ನೀರು, ಧೂಳು.

ಯುದ್ಧ ಮುಗಿದ ಮೇಲೆ ಹಂಗೆರಿಯ ಸೇನೆಯ ಮುಳುಗುಗಾರರು ನದಿಯಿಂದ ಕಲ್ಲುಗಳನ್ನು ಎತ್ತಿದರು. ಬಹುಪಾಲು ಕಲ್ಲುಗಳು ಮತ್ತೆ ಬಳಸುವ ಸ್ಥಿತಿಯಲ್ಲಿ ಇರಲಿಲ್ಲ. ಹೊಸ ತೆನೆಲಿಯಾ ಕಲ್ಲು ತಂದು, ಕೈಯಲ್ಲೇ ಕೆತ್ತಿ, ಮತ್ತೆ ಅದೇ ಕಬ್ಬಿಣದ ಕೊಂಡಿ, ಅದೇ ಸೀಸ. ವಿಶ್ವಬ್ಯಾಂಕ್, ಯುನೆಸ್ಕೊ, ಆಗಾ ಖಾನ್ ಟ್ರಸ್ಟ್ ಎಲ್ಲ ಸೇರಿ ನಡೆಸಿದ ಕೆಲಸ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಕಲ್ಲಿನ ವಯಸ್ಸಿಗಾಗಿ ಅಲ್ಲ, ಸೇತುವೆ ಏನನ್ನು ಸಂಕೇತಿಸುತ್ತದೆ ಎಂಬುದಕ್ಕಾಗಿ: ಸಾಮರಸ್ಯ, ಸಹಬಾಳ್ವೆ. ಪ್ರವಾಸಿ ಫೋಟೊಗಳ ಕೆಳಗೆ ಇವತ್ತು ಓಡಾಡುವ ಸಾಲುಗಳು ಅಲ್ಲಿಂದ ಬಂದವು: ಒಡೆದ ಎರಡು ದಡಗಳನ್ನು ಮತ್ತೆ ಬೆಸೆದ ಸೇತುವೆ, ಇತ್ಯಾದಿ.

ಇಲ್ಲೇ ಒಂದು ತೊಡಕಿದೆ. ಯುದ್ಧದಲ್ಲಿ ಆ ಸೇತುವೆಯ ಎರಡೂ ತುದಿಗಳು ಬೊಸ್ನಿಯಾಕರ ಕೈಯಲ್ಲೇ ಇದ್ದವು. ಊರು ಒಡೆದದ್ದು ನದಿಯಲ್ಲಿ ಅಲ್ಲ. ಪಶ್ಚಿಮ ದಂಡೆಯಿಂದ ಕೆಲವು ನಿಮಿಷ ಒಳಗೆ ನಡೆದರೆ ಬುಲೆವಾರ್ ಎಂಬ ರಸ್ತೆ ಬರುತ್ತದೆ. ಅದೇ ಗಡಿರೇಖೆ. ಸೇತುವೆ ಬೆಸೆದದ್ದು ಒಂದೇ ಕಡೆಯವರ ಎರಡು ದಡಗಳನ್ನು.

ಎರಡನೆಯ ದಿನ ಬೆಳಗ್ಗೆಯಿಡೀ ನಾನು ಬುಲೆವಾರ್‌ನಲ್ಲೇ ಇದ್ದೆ. ಫೋಟೊ ತೆಗೆಯಲು ಅಲ್ಲಿ ಏನೂ ಇಲ್ಲ ಎಂಬುದೇ ಅದರ ವಿಶೇಷ. ಕಾರುಗಳು, ಸಿಗ್ನಲ್, ಶಾಲೆಗೆ ಹೋಗುವ ಮಕ್ಕಳು, ಹೊಸದಾಗಿ ಬಣ್ಣ ಬಳಿದ ಒಂದು ಕಟ್ಟಡ, ಪಕ್ಕದಲ್ಲಿ ಮಾಡಿಲ್ಲದ, ಕಿಟಕಿಯಿಂದ ಮರ ಬೆಳೆದ ಇನ್ನೊಂದು ಕಟ್ಟಡ. ಇದನ್ನು ದಾಟಲು ಯಾರೂ ಯಾರನ್ನೂ ತಡೆಯುವುದಿಲ್ಲ. ಆದರೂ ಈ ರೇಖೆ ಇದೆ. ವೆಲೆಜ್ ಫುಟ್‌ಬಾಲ್ ತಂಡಕ್ಕೆ ಅಭಿಮಾನಿಗಳು ಪೂರ್ವದಲ್ಲಿ, ಜ್ರಿನ್ಸ್ಕಿ ತಂಡಕ್ಕೆ ಪಶ್ಚಿಮದಲ್ಲಿ. ಯುದ್ಧಕ್ಕೆ ಮುಂಚೆ ವೆಲೆಜ್ ಆಡುತ್ತಿದ್ದ ಮೈದಾನದಲ್ಲಿ ಈಗ ಜ್ರಿನ್ಸ್ಕಿ ಆಡುತ್ತದೆ. ಎರಡು ವಿಶ್ವವಿದ್ಯಾಲಯ. ಸ್ಪ್ಯಾನಿಷ್ ಚೌಕದ ಚೆಂದದ ಕಿತ್ತಳೆ ಬಣ್ಣದ ಜಿಮ್ನಾಸಿಯಂನಲ್ಲಿ ಒಂದೇ ಮಾಡಿನ ಕೆಳಗೆ ಎರಡು ಪಠ್ಯಕ್ರಮ. ನಗರಸಭೆಯ ಅಧಿಕಾರ ಹಂಚಿಕೆಯ ಜಗಳದಲ್ಲಿ 2008ರಿಂದ 2020ರವರೆಗೆ ಇಲ್ಲಿ ಸ್ಥಳೀಯ ಚುನಾವಣೆಯೇ ನಡೆಯಲಿಲ್ಲ. ಇರ್ಮಾ ಬರಾಲಿಯಾ ಎಂಬ ಮಹಿಳೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2019ರಲ್ಲಿ ಗೆದ್ದ ಮೇಲೆ, 2020ರ ಡಿಸೆಂಬರಿನಲ್ಲಿ ಜನ ಮತ ಹಾಕಿದರು. ಮತ ಹಾಕದ ಹನ್ನೆರಡು ವರ್ಷಗಳ ಫೋಟೊ ತೆಗೆಯುವುದು ಹೇಗೆ? ಹೋಟೆಲಿನಲ್ಲಿ ಕೂತು ಕಾಫಿ ಕೇಳುವಾಗಲೂ ರೇಖೆ ಬರುತ್ತದೆ. ಕ್ರೊಯೇಟರು ‘ಕಾವಾ’ ಎನ್ನುತ್ತಾರೆ, ಸರ್ಬರು ‘ಕಾಫಾ’, ಬೊಸ್ನಿಯಾಕರು ‘ಕಹ್ವಾ’. ಮೂವರಿಗೂ ಮೂರೂ ಅರ್ಥವಾಗುತ್ತವೆ. ಯಾವುದನ್ನು ಹೇಳಿದಿರಿ ಎಂಬುದೂ ಅರ್ಥವಾಗುತ್ತದೆ.

ಹೀಗಾಗಿ ಪ್ರವಾಸಿ ಕ್ಯಾಮೆರಾಕ್ಕೆ ಮೋಸ್ತಾರಿನಲ್ಲಿ ಎರಡು ಸುಲಭ ದಾರಿಗಳಿವೆ. ಒಂದು, ಸೇತುವೆಯ ಚೆಲುವು. ಮಸೀದಿಯ ಕಟ್ಟೆಯಿಂದ ಚೌಕಟ್ಟನ್ನು ಸ್ವಲ್ಪ ಬಲಕ್ಕೆ ಸರಿಸಿದರೆ ಹೂಮ್ ಬೆಟ್ಟ. ಅದರ ತುದಿಯಲ್ಲಿ 2000ದಲ್ಲಿ ನಿಲ್ಲಿಸಿದ 33 ಮೀಟರಿನ ಶಿಲುಬೆ. ಯುದ್ಧದಲ್ಲಿ ಶೆಲ್‌ಗಳು ಬಂದ ಬೆಟ್ಟಗಳಲ್ಲಿ ಅದೂ ಒಂದು ಎಂದು ಕೆಳಗಿನವರಿಗೆ ನೆನಪಿದೆ. ಮೇಲಿನವರಿಗೆ ಅದು ಅವರ ದೇವರ ಗುರುತು. ಫೋಟೊ ತೆಗೆಯುವವರು ಎಡಕ್ಕೆ ಸರಿದು ಬೆಟ್ಟವನ್ನು ಕತ್ತರಿಸುತ್ತಾರೆ.

ಇನ್ನೊಂದು ದಾರಿ ಗಾಯದ್ದು. ಗುಂಡಿನ ತೂತುಗಳಿರುವ ಗೋಡೆ, ಯುದ್ಧಕಾಲದಲ್ಲಿ ಸ್ನೈಪರ್‌ಗಳು ಕೂತಿದ್ದ ಹಳೆ ಬ್ಯಾಂಕಿನ ಕಟ್ಟಡ, ಅದರ ಮೇಲಿನ ಗ್ರಾಫಿಟಿ. ಸಂಜೆಯ ಓರೆ ಬಿಸಿಲಿನಲ್ಲಿ ಗುಂಡಿನ ತೂತುಗಳಿಗೆ ನೆರಳು ತುಂಬಿ ಗೋಡೆ ಅದ್ಭುತವಾಗಿ ಕಾಣುತ್ತದೆ. ನಾಲ್ಕಾರು ಜನ ದೊಡ್ಡ ಲೆನ್ಸ್ ಹಿಡಿದು ಆ ಹೊತ್ತಿಗೇ ಬರುತ್ತಾರೆ. ಸೇತುವೆಯ ಪಕ್ಕದ ಪೇಟೆಯಲ್ಲಿ ಗುಂಡಿನ ಕೋಶದಿಂದ ಮಾಡಿದ ಪೆನ್ನುಗಳನ್ನು ಮಾರುತ್ತಾರೆ. ಸೇತುವೆಯ ತುದಿಯ ಕಲ್ಲಿನ ಮೇಲೆ ’93ನ್ನು ಮರೆಯಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿದೆ, ಅಂದರೆ ಓದಬೇಕಾದವರು ಹೊರಗಿನವರು. ಚೆಲುವಿನ ಫೋಟೊ ಸುಳ್ಳು, ಗಾಯದ ಫೋಟೊ ನಿಜ ಎಂದು ನಾವು ಸಾಹಿತ್ಯದ ವಿದ್ಯಾರ್ಥಿಗಳು ಬೇಗ ಒಪ್ಪಿಕೊಳ್ಳುತ್ತೇವೆ. ನಾನು ಇಳಿದುಕೊಂಡಿದ್ದ ಮನೆಯಲ್ಲಿ ಆ ಮಾತು ಅಷ್ಟು ಸರಳವಾಗಿ ಉಳಿಯಲಿಲ್ಲ.

ಅದು ನದಿಯಿಂದ ಎರಡು ಬೀದಿ ಹಿಂದೆ, ಪೂರ್ವ ಭಾಗದಲ್ಲಿ, ಅರವತ್ತು ದಾಟಿದ ಅಜ್ಜಿಯೊಬ್ಬರು ನಡೆಸುವ ಮೂರು ಕೋಣೆಗಳ ಅತಿಥಿಗೃಹ. ಹಿತ್ತಲಿನಲ್ಲಿ ದಾಳಿಂಬೆ ಗಿಡ ಕೆಂಪು ಹೂ ಬಿಟ್ಟಿತ್ತು. ದಾಳಿಂಬೆ ನೋಡಿ ನಮ್ಮೂರ ಕಡೆಯೂ ಇದೇ ಇದೆ ಅಂದೆ. ಅವರ ಮೊಮ್ಮಗಳು ಕಾಲೇಜಿನಲ್ಲಿ ಓದುವವಳು, ನಮ್ಮಿಬ್ಬರ ನಡುವೆ ಮಾತನ್ನು ದಾಟಿಸುತ್ತಿದ್ದಳು. ಗಿಡದ ಹಿಂದೆ ಪಕ್ಕದ ಮನೆಯ ಗೋಡೆ. ಅದರ ತುಂಬ ಗುಂಡಿನ ತೂತುಗಳು, ನಡುವೆ ಶೆಲ್ ಬಡಿದ ಒಂದು ದೊಡ್ಡ ಹೂವಿನಾಕಾರದ ಗುರುತು. ಕೆಂಪು ಹೂವು, ಹಿಂದೆ ಆ ಗೋಡೆ. ಯಾವ ಛಾಯಾಗ್ರಾಹಕನಿಗಾದರೂ ಕೈ ತುರಿಸುವ ಚೌಕಟ್ಟು.

ಕೊನೆಯ ದಿನ ಅಜ್ಜಿ ತಾವಾಗಿಯೇ ಕೇಳಿದರು, ನಿನ್ನ ಕ್ಯಾಮೆರಾ ಚೆನ್ನಾಗಿದೆ, ನನ್ನದೊಂದು ಫೋಟೊ ತೆಗೆದುಕೊಡು, ಸ್ವೀಡನ್ನಿನಲ್ಲಿರುವ ತಂಗಿಗೆ ಕಳಿಸಬೇಕು. ಗಿಡದ ಕೆಳಗೆ ನಿಂತರು. ನಾನು ಕಣ್ಣಿಗೆ ಕ್ಯಾಮೆರಾ ಹಚ್ಚುವಷ್ಟರಲ್ಲಿ ಕೈ ಅಡ್ಡ ಹಿಡಿದು, ಎರಡು ಹೆಜ್ಜೆ ಆಚೆ ಸರಿದು, ಈ ಕಡೆಯಿಂದ ತೆಗಿ ಎಂದರು. ಗೋಡೆ ಬರುವುದು ಬೇಡವಂತೆ. ಯಾಕೆ ಎಂದು ಕೇಳಲು ನನಗೆ ಸಂಕೋಚ. ಅವರೇ ಹೇಳಿದರು: “ಆ ಗೋಡೆ ತಂಗಿಗೆ ಗೊತ್ತು. ಅದನ್ನು ನೋಡಿಯೇ ಅವಳು ಹೋದದ್ದು. ಗಿಡ ಗೊತ್ತಿಲ್ಲ. ಆಮೇಲೆ ನೆಟ್ಟದ್ದು.”

ಅವರು ಹೇಳಿದಂತೆಯೇ ತೆಗೆದೆ. ಹೂವು, ಅಜ್ಜಿ, ಹಿಂದೆ ಖಾಲಿ ಆಕಾಶ. ಎಲ್ಲಿ ಬೇಕಾದರೂ ತೆಗೆದಿರಬಹುದಾದ ಫೋಟೊ. ಆದರೆ ಆ ಚೌಕಟ್ಟಿನಲ್ಲಿ ಸುದ್ದಿ ಇತ್ತು, ಅಕ್ಕ ತಂಗಿಗೆ ಹೇಳಬೇಕಾಗಿದ್ದ ಸುದ್ದಿ. ನಾನು ತೆಗೆಯಬೇಕೆಂದಿದ್ದ ಫೋಟೊದಲ್ಲಿ ಇದ್ದದ್ದು ಅವರಿಗೆ ಮೂವತ್ತು ವರ್ಷದಿಂದ ಗೊತ್ತಿರುವ ವಿಷಯ. ಅದು ಸುದ್ದಿಯಾಗುವುದು ನನಗೆ, ನಿಮಗೆ.

ಮಾತು ಇಷ್ಟಕ್ಕೇ ಮುಗಿದಿದ್ದರೆ ಪಾಠವೂ ಸರಳವಾಗಿರುತ್ತಿತ್ತು: ಜನ ತೋರಿಸಿದ್ದನ್ನು ತೆಗೆ, ಮುಚ್ಚಿದ್ದನ್ನು ಬಿಡು. ಆದರೆ ಅನುವಾದ ಮಾಡುತ್ತಿದ್ದ ಮೊಮ್ಮಗಳು ಅಜ್ಜಿ ಒಳಗೆ ಹೋದ ಮೇಲೆ, ಗೋಡೆಯದೂ ಒಂದು ಬೇಕು, ನನಗೆ, ಎಂದಳು. ಪಕ್ಕದ ಮನೆಯವರು ಅದಕ್ಕೆ ಗಾರೆ ಮಾಡಿಸುವ ಮಾತಾಡುತ್ತಿದ್ದಾರಂತೆ. ಅವಳು ಹುಟ್ಟಿದ್ದು ಹೊಸ ಸೇತುವೆ ಬಂದ ಮೇಲೆ. ಮನೆಯಲ್ಲಿ ಆ ವರ್ಷಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಶಾಲೆಯಲ್ಲಿ ಓದಿದ್ದು ಒಂದು ಕಡೆಯ ಪುಸ್ತಕ, ರಸ್ತೆಯ ಆಚೆಯ ಗೆಳತಿ ಓದಿದ್ದು ಇನ್ನೊಂದು. “ಈ ಗೋಡೆಗೆ ಗಾರೆ ಬಳಿದರೆ ನನಗೆ ಏನಾದರೂ ಹೇಳುವವರು ಇನ್ಯಾರೂ ಇರುವುದಿಲ್ಲ” ಎಂದಳು. ಒಂದೇ ಹಿತ್ತಲು. ಒಬ್ಬರಿಗೆ ಆ ಗೋಡೆ ಫೋಟೊದಿಂದ ಆಚೆ ಇರಬೇಕು, ಇನ್ನೊಬ್ಬರಿಗೆ ಗೋಡೆ ಹೋದಮೇಲೂ ಫೋಟೊದಲ್ಲಿ ಉಳಿಯಬೇಕು. ಇಬ್ಬರೂ ಸರಿ. ಊರು ಚೇತರಿಸಿಕೊಳ್ಳುತ್ತಿದೆ ಎನ್ನುವಾಗ ನಾವು ಕಟ್ಟಡಗಳನ್ನು ಎಣಿಸುತ್ತೇವೆ. ನನಗೆ ಕಂಡ ಚೇತರಿಕೆ ಈ ಜಗಳದಲ್ಲಿತ್ತು: ಏನು ಕಾಣಬೇಕು ಎಂದು ಮನೆಯವರೇ ಕೂತು ವಾದಿಸುವ ಸ್ಥಿತಿಗೆ ಬಂದಿರುವುದು. ಮುತ್ತಿಗೆಯ ಕಾಲದಲ್ಲಿ ಆ ಆಯ್ಕೆ ಅವರ ಕೈಯಲ್ಲಿರಲಿಲ್ಲ; ಚೌಕಟ್ಟು ಇಡುತ್ತಿದ್ದವರು ಹೊರಗಿಂದ ಬಂದ ಪತ್ರಕರ್ತರು, ಬೆಟ್ಟದ ಮೇಲಿನ ಬಂದೂಕಿನವರು.

ಹೊರಗಿಂದ ಬಂದವರಲ್ಲೂ ಬೇರೆ ಥರದವರಿದ್ದರು. ನ್ಯೂಜಿಲೆಂಡಿನ ವೇಡ್ ಗೊಡಾರ್ಡ್ ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ ಇಲ್ಲಿಗೆ ಬಂದು, ಮುತ್ತಿಗೆಯಲ್ಲಿದ್ದ ಪೂರ್ವ ಮೋಸ್ತಾರಿನ ಜನಜೀವನವನ್ನು ಚಿತ್ರಿಸಿದರು. ಅವರ ಕಪ್ಪು-ಬಿಳುಪು ಚಿತ್ರಗಳ ಪ್ರದರ್ಶನ ಸೇತುವೆಯ ಪಕ್ಕದಲ್ಲೇ ಇದೆ. ಸೇತುವೆಗೆ ಬಂದ ನೂರು ಜನರಲ್ಲಿ ಕೆಲವರಷ್ಟೇ ಆ ಬಾಗಿಲು ತಳ್ಳುತ್ತಾರೆ. ಒಳಗೆ ಸ್ಫೋಟಗಳಿಗಿಂತ ಹೆಚ್ಚು ಇರುವುದು ಮುಖಗಳು, ಯುದ್ಧದ ನಡುವೆಯೂ ದಿನ ದೂಡುವ ಮಂದಿ. ಅಲ್ಲಿಂದ ಹೊರಬಂದು ಸೇತುವೆ ಹತ್ತಿದಾಗ ನನಗೆ ಕ್ರೊಯೇಷಿಯಾದ ಲೇಖಕಿ ಸ್ಲಾವೆಂಕಾ ದ್ರಾಕುಲಿಚ್ ಸೇತುವೆ ಬಿದ್ದ ಹೊತ್ತಿನಲ್ಲಿ ಎತ್ತಿದ ಪ್ರಶ್ನೆ ನೆನಪಾಯಿತು: ಕೊಲೆಯಾದ ಹೆಂಗಸಿನ ಫೋಟೊಗಿಂತ ಮುರಿದ ಸೇತುವೆಯ ಫೋಟೊ ನಮ್ಮನ್ನು ಯಾಕೆ ಹೆಚ್ಚು ನೋಯಿಸುತ್ತದೆ? ಮನುಷ್ಯರು ಸಾಯುವವರೆಂದು ನಮಗೆ ಗೊತ್ತು, ಸೇತುವೆ ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಇರುತ್ತದೆಂದು ನಂಬಿದ್ದೆವು ಎಂಬ ದಿಕ್ಕಿನಲ್ಲಿ ಅವರ ಉತ್ತರ ಸಾಗುತ್ತದೆ. ಮೂವತ್ತು ವರ್ಷದ ಮೇಲೆ ನಿಂತು ನೋಡಿದರೆ ಅದಕ್ಕೆ ಇನ್ನೊಂದು ಸಾಲು ಸೇರಿಸಬೇಕು ಅನ್ನಿಸುತ್ತದೆ. ಸೇತುವೆಯನ್ನು ಮತ್ತೆ ಕಟ್ಟಬಹುದು, ಕಟ್ಟಿದರು. ಬ್ರಾಚೆ ಫೇಯಿಚಾ ಬೀದಿಯಲ್ಲಿ ನಡೆದರೆ ಮಸೀದಿಯ ಹತ್ತಿರ ಬಿಳಿ ಗೋರಿಕಲ್ಲುಗಳು. ಹುಟ್ಟಿದ ವರ್ಷ ಒಬ್ಬೊಬ್ಬರದು ಒಂದೊಂದು, ಸತ್ತ ವರ್ಷ ಮಾತ್ರ ಕಲ್ಲಿನಿಂದ ಕಲ್ಲಿಗೆ 1993, 1993, 1993. ಅಲ್ಲಿ ನಾನು ಕ್ಯಾಮೆರಾ ಹೊರತೆಗೆಯಲಿಲ್ಲ. ಅಲ್ಲಿ ಇಸವಿಯನ್ನು ಕಲ್ಲೇ ಬರೆದುಕೊಂಡಿತ್ತು.

ಸೇತುವೆಯ ಮೇಲಿನಿಂದ ನದಿಗೆ ಹಾರುವ ಹುಡುಗರ ಫೋಟೊ ಎಲ್ಲರೂ ತೆಗೆಯುತ್ತಾರೆ. ಇಪ್ಪತ್ತು ಮೀಟರಿಗೂ ಮಿಕ್ಕಿದ ಎತ್ತರ, ಕೆಳಗೆ ಬೇಸಿಗೆಯಲ್ಲೂ ಕೊರೆಯುವ ನೀರು. ಟೋಪಿಯಲ್ಲಿ ಸಾಕಷ್ಟು ದುಡ್ಡು ಬೀಳುವವರೆಗೆ ಕಟಕಟೆಯ ಮೇಲೆ ನಿಂತು ಆಟ ಆಡಿಸುತ್ತಾರೆ, ಆಮೇಲೆ ಹಾರುತ್ತಾರೆ. ಶತಮಾನಗಳ ಸಂಪ್ರದಾಯ. ಅವರಲ್ಲಿ ಹಲವರಿಗೆ ಬಿದ್ದ ಸೇತುವೆಯ ನೆನಪಿಲ್ಲ; ಅವರ ಕಾಲಿಗೆ ಗೊತ್ತಿರುವುದು ಈ ಕಲ್ಲೇ. ಅವರ ಪಾಲಿಗೆ ಇದು ನಕಲಲ್ಲ. ಇನ್ನು ನೂರು ವರ್ಷ ಹಾರಿದರೆ ‘ಹಳೆಯ’ ಎಂಬ ಹೆಸರು ಪೂರ್ತಿ ಇದರದೇ ಆಗುತ್ತದೆ.

ಬೆಂಗಳೂರಿಗೆ ಮರಳಿದ ಮೇಲೆ ಆ ಮೂರು ದಿನಗಳ ಚಿತ್ರಗಳಿಗೆ ಒಂದೊಂದಾಗಿ ಶೀರ್ಷಿಕೆ ಬರೆದೆ. ಇದು ನನ್ನ ಸಂಶೋಧನೆಯ ಚಟ, ಗ್ರೀನ್‌ಲಾನ ಚಿತ್ರಗಳ ಮುಂದೆ ಕೂತು ಕಲಿತದ್ದು. ಕ್ಯಾಲೆಂಡರಿನ ಚಿತ್ರದ ಕೆಳಗೆ: ‘ಹಳೆಯ ಸೇತುವೆ, ಕಟ್ಟಿದ್ದು 1566, ಬಿದ್ದದ್ದು 1993, ಮತ್ತೆ ಕಟ್ಟಿದ್ದು 2004, ಚಿತ್ರ 2024.’ ಬುಲೆವಾರ್‌ನ ಮಸುಕು ಚಿತ್ರದ ಕೆಳಗೆ: ‘ರಸ್ತೆ. 1993ರಲ್ಲಿ ಗಡಿ.’ ಅಷ್ಟು ಬರೆದ ಮೇಲೆ ಆ ನೀರಸ ಚಿತ್ರಕ್ಕೆ ಸೇತುವೆಯ ಚಿತ್ರಕ್ಕಿಂತ ತೂಕ ಬಂತು.

ಅಜ್ಜಿಯದೂ ಗೋಡೆಯದೂ ಎರಡನ್ನೂ ಅಚ್ಚು ಹಾಕಿಸಿ, ಬೇರೆ ಬೇರೆ ಲಕೋಟೆಯಲ್ಲಿಟ್ಟು, ಒಂದರ ಮೇಲೆ ಅಜ್ಜಿಯ ಹೆಸರು, ಇನ್ನೊಂದರ ಮೇಲೆ ಮೊಮ್ಮಗಳ ಹೆಸರು ಬರೆದು ಕಳಿಸಿದೆ. ತಲುಪಿದ ಸುದ್ದಿ ಬರಲು ಐದು ವಾರ ಬೇಕಾಯಿತು. ಗಿಡದ ಫೋಟೊ ಸ್ವೀಡನ್ನಿಗೆ ಹೋಗಿದೆಯಂತೆ. ಗೋಡೆಯದು ಅವಳ ಮೇಜಿನ ಡ್ರಾಯರಿನಲ್ಲಿದೆಯಂತೆ; ಅಜ್ಜಿ ಒಂದು ದಿನ ಅದನ್ನು ಕಂಡು ಏನೂ ಅನ್ನದೆ, ದೊಡ್ಡ ಗುರುತಿನ ಮೇಲೆ ಬೆರಳಿಟ್ಟು, ತಿಂಗಳು ಮತ್ತು ತಾರೀಖು ಹೇಳಿದರಂತೆ. ಅವಳು ಅದನ್ನು ಫೋಟೊದ ಹಿಂದೆ ಬರೆದುಕೊಂಡಿದ್ದಾಳೆ. ಬರುವ ವಸಂತಕ್ಕೆ ಪಕ್ಕದ ಮನೆಯವರು ಗಾರೆ ಕೆಲಸ ಶುರುಮಾಡುತ್ತಾರಂತೆ.